ಲೇಖ್ಯಶುದ್ಧಿವಿಚಾರ: ಗೋಕಾಕದ ತಾಮ್ರಪಟದಿಂದ ಗಣಕದ ಸರಪಳಿಯವರೆಗೆ

೧

ಘಟಪ್ರಭಾತೀರದ ಗೋಕಾಕದಲ್ಲಿ ದೊರೆತ ಒಂದು ತಾಮ್ರಶಾಸನವು ಸಂಶೋಧಕರಿಗೆ ಬಹುಕಾಲದಿಂದ ಪರಿಚಿತವಾಗಿದೆ. ಸೇಂದ್ರಕ ವಂಶದ ವಿಜಯಾನಂದ ಮಧ್ಯಮರಾಜನ ಮಗನಾದ ಇಂದ್ರಾನಂದನು ಕಷ್ಮಾಂಡೀ ವಿಷಯಕ್ಕೆ ಸೇರಿದ ಜಲಾರ ಗ್ರಾಮದಲ್ಲಿ ೫೦ ನಿವರ್ತನ ಭೂಮಿಯನ್ನು ಅರ್ಹತ್ಪೂಜೆಯ ಸಲುವಾಗಿ ಜಂಬುಖಂಡ ಗಣದ ಆರ್ಯಣಂದಿ ಆಚಾರ್ಯರಿಗೆ ಕೊಟ್ಟನೆಂಬುದು ಅದರ ತಾತ್ಪರ್ಯ. ಅದರಲ್ಲಿ ಹೆಸರಿಸಲ್ಪಟ್ಟ ರಾಷ್ಟ್ರಕೂಟ ದೆಜ್ಜ ಮಹಾರಾಜನು ಮಾನ್ಯಖೇಟದ ಪ್ರಸಿದ್ಧ ವಂಶಾವಳಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಕಾಲವನ್ನು ಹೇಳುವಲ್ಲಿ 'ಆಗುಪ್ತಾಯಿಕ' ರಾಜರ ೮೪೫ನೆಯ ವರ್ಷವೆಂದಿದೆ. ಆ ಗಣನೆಯು ಯಾವ ವರ್ಷದಿಂದ ಆರಂಭವಾಯಿತೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಐಕಮತ್ಯವಿಲ್ಲ.

ಈ ಒಂದು ಉದಾಹರಣೆಯಿಂದಲೇ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಲೇಖವು ಕೆಡದೆ ಉಳಿಯುವುದು ಬೇರೆ, ಲೇಖದಲ್ಲಿ ಹೇಳಿದ ಅರ್ಥವು ನಿರ್ಣೀತವಾಗುವುದು ಬೇರೆ. ತಾಮ್ರವು ಅಕ್ಷರಗಳನ್ನು ಕಾಪಾಡಿತು; ಆದರೆ ಅವುಗಳನ್ನು ಬಲ್ಲ ಸಾಕ್ಷಿಗಳನ್ನು ಕಾಪಾಡುವುದು ಅದರ ಶಕ್ತಿಗೆ ಮೀರಿದುದಾಗಿತ್ತು.

ಈಗಿನ ಕಾಲದಲ್ಲಿ ಭೂಮಿಯ ಒಡೆತನ, ಹಣದ ವಹಿವಾಟು, ಪರೀಕ್ಷೆಯ ಪ್ರಮಾಣಪತ್ರ, ಇವೆಲ್ಲವೂ ಗಣಕಯಂತ್ರದೊಳಗಿನ ಲೇಖ್ಯಗಳಾಗಿವೆ. ಅವುಗಳ ರಕ್ಷಣೆಗೆ ಎರಡು ವಿದ್ಯೆಗಳು ಬೆಳೆದುಬಂದಿವೆ. ಬರೆದುದನ್ನು ಯಾರೂ ಗುಟ್ಟಾಗಿ ತಿದ್ದದಂತೆ ಒಂದಕ್ಕೊಂದು ಬಿಗಿಯುವ ಬ್ಲಾಕ್‌ಚೈನ್ ಎಂಬ ಸರಪಳಿಯು ಒಂದು. ಅನೇಕ ಉದಾಹರಣೆಗಳನ್ನು ನೋಡಿ ಕಳ್ಳವ್ಯವಹಾರದ ಲಕ್ಷಣಗಳನ್ನು ಗುರುತಿಸುವ ಮಷೀನ್ ಲರ್ನಿಂಗ್, ಎಂದರೆ ಯಂತ್ರಕಲಿಕೆಯು ಮತ್ತೊಂದು. ಸಾಮಗ್ರಿಯು ಹೊಸದಾದರೂ ಪ್ರಶ್ನೆಯು ಹೊಸದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯ ಲೇಖ್ಯಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಎರಡು ವಿದ್ಯೆಗಳ ಬಲಾಬಲವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨

ಲೇಖ್ಯದ ಶಾಸ್ತ್ರವನ್ನು ಅರಿಯಬೇಕಾದರೆ ಕನ್ನಡ ನಾಡಿನಲ್ಲಿಯೇ ರಚಿತವಾದ ಮಿತಾಕ್ಷರೆಗಿಂತ ಹೆಚ್ಚಿನ ಆಧಾರವನ್ನು ಹುಡುಕಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬-೧೧೨೬) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಈ ವ್ಯಾಖ್ಯಾನವು ಆಂಗ್ಲ ನ್ಯಾಯಾಲಯಗಳಲ್ಲಿಯೂ ಪ್ರಮಾಣವಾಗಿ ನಿಂತಿತು.

ಮಾನುಷ ಪ್ರಮಾಣಗಳು ಮೂರು ಎಂದು ಸ್ಮೃತಿಯು ಹೇಳುತ್ತದೆ: ಲಿಖಿತ, ಭುಕ್ತಿ ಮತ್ತು ಸಾಕ್ಷಿಗಳು. ಬರೆದುದು, ಅನುಭವಿಸಿಕೊಂಡು ಬಂದುದು, ಕಂಡವರು ನುಡಿದುದು, ಹೀಗೆ ಮೂರು. ಲೇಖ್ಯವು ರಾಜನಿಂದ ಹೊರಡುವ ಶಾಸನ ಮತ್ತು ಜನರ ನಡುವಿನ ಜಾನಪದ ಎಂದು ಎರಡು ಬಗೆಯದು. ಶಾಸನದಲ್ಲಿ ಕೊಡುವವನ ವಂಶ, ಪಡೆಯುವವನ ಹೆಸರು, ದಾನದ ಪರಿಮಾಣ, ಎಲ್ಲೆಗಳು, ಕಾಲ, ರಾಜನ ಹಸ್ತಾಕ್ಷರ, ಮುದ್ರೆ, ಇಷ್ಟೂ ಇರತಕ್ಕದ್ದು. ಸಾಲದ ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿವಸಗಳೊಡನೆ ಸಾಲಗಾರನು ತನ್ನ ಕೈಯಿಂದಲೇ ಸಮ್ಮತಿಯನ್ನು ಬರೆಯಬೇಕು. ಸಾಕ್ಷಿಗಳು ತಮ್ಮ ತಂದೆಯ ಹೆಸರಿನೊಡನೆ ರುಜು ಹಾಕಬೇಕು. ಬರೆದವನು ಕಡೆಯಲ್ಲಿ ತನ್ನ ಹೆಸರನ್ನು ಹೇಳಬೇಕು. ಕೂಟಶಾಸನವನ್ನು ಮಾಡಿದವನಿಗೂ, ರಾಜಾಜ್ಞೆಯನ್ನು ಹೆಚ್ಚುಕಡಿಮೆಯಾಗಿ ಬರೆದ ಲೇಖಕನಿಗೂ ಉತ್ತಮಸಾಹಸವೆಂಬ ದೊಡ್ಡ ದಂಡವು ವಿಧಿಸಲ್ಪಟ್ಟಿದೆ.

ಲೇಖ್ಯವು ಸಂದೇಹಾಸ್ಪದವಾದಾಗ ಮಾಡಬೇಕಾದುದೇನೆಂಬುದು ಇನ್ನೂ ಹೆಚ್ಚು ಗಮನಾರ್ಹವಾಗಿದೆ. ಅದೇ ವ್ಯಕ್ತಿಯ ಬೇರೆ ಬರಹದೊಡನೆ ಹೋಲಿಸಬೇಕು, ಆ ದೇಶದಲ್ಲಿ ಆ ಕಾಲದಲ್ಲಿ ಆ ಮನುಷ್ಯನಿಗೆ ಆ ದ್ರವ್ಯವು ಇರಬಹುದಾಗಿತ್ತೇ ಎಂದು ನೋಡಬೇಕು, ಸಾಕ್ಷಿಗಳನ್ನು ಕೇಳಬೇಕು, ಬರಹದಲ್ಲಿನ ವಿಶಿಷ್ಟ ಚಿಹ್ನೆಗಳನ್ನು ಪರೀಕ್ಷಿಸಬೇಕು, ಉಭಯರಿಗೂ ಹಿಂದೆ ವ್ಯವಹಾರಸಂಬಂಧವಿತ್ತೇ ಎಂದು ವಿಚಾರಿಸಬೇಕು. ಲೇಖ್ಯಶುದ್ಧಿಯ ಎರಡು ಮಾರ್ಗಗಳು ಇಲ್ಲಿಯೇ ತೋರುತ್ತವೆ. ಮುದ್ರೆ, ರುಜು, ಹಸ್ತಾಕ್ಷರಗಳಿಂದ ಮೊದಲೇ ಬಿಗಿಯುವುದನ್ನು ಬಂಧನಮಾರ್ಗವೆಂದೂ, ಸಂದೇಹ ಬಂದ ಮೇಲೆ ಲಕ್ಷಣಗಳಿಂದ ಸೋಸುವುದನ್ನು ಪರೀಕ್ಷಾಮಾರ್ಗವೆಂದೂ ಕರೆಯೋಣ.

೩

ಬಂಧನಮಾರ್ಗದ ಅತ್ಯುತ್ತಮ ಮಾದರಿಯೆಂದರೆ ತಾಮ್ರಪಟವೇ. ಹಲಗೆಗಳಿಗೆ ರಂಧ್ರವನ್ನು ಕೊರೆದು, ಒಂದೇ ಬಳೆಯನ್ನು ಎಲ್ಲದರಲ್ಲಿಯೂ ಪೋಣಿಸಿ, ಬಳೆಯ ಎರಡು ತುದಿಗಳನ್ನು ರಾಜಮುದ್ರೆಯ ಅಡಿಯಲ್ಲಿ ಬೆಸೆಯುತ್ತಿದ್ದರು. ನಡುವೆ ಒಂದು ಹಲಗೆಯನ್ನು ಸೇರಿಸಬೇಕಾದರೂ ತೆಗೆಯಬೇಕಾದರೂ ಬಳೆಯನ್ನು ಕತ್ತರಿಸಬೇಕು. ಕತ್ತರಿಸಿದರೆ ಗುರುತು ಉಳಿಯುವುದು. ಶಿಲಾಶಾಸನದ ಭದ್ರತೆಯು ಬೇರೆ ಬಗೆಯದು. ಅದು ಊರವರೆಲ್ಲರ ಕಣ್ಣೆದುರಿಗೆ ನಿಲ್ಲುತ್ತಿತ್ತು. ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕಲ್ಲೋಳಿಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ಕ್ರಿ. ಶ. ೧೨೦೪ರ ಶಾಸನವಿದೆ. ಶಾಂತಿನಾಥ ಜಿನಾಲಯಕ್ಕಾಗಿ ಶುಭಚಂದ್ರ ಭಟ್ಟಾರಕರಿಗೆ ಕೊಟ್ಟ ದಾನವನ್ನು ಅದು ಹೇಳುತ್ತದೆ. ನಿತ್ಯವೂ ಜನರು ಹಾದುಹೋಗುವ ಸ್ಥಳದಲ್ಲಿ ನಿಂತ ಕಲ್ಲನ್ನು ರಾತ್ರೋರಾತ್ರಿ ಬದಲಿಸಿದರೆ ಮರುದಿನವೇ ಗುಲ್ಲಾಗುವುದು. ತಾಮ್ರಪಟಕ್ಕೆ ಮುದ್ರೆಯ ಬಲ, ಶಿಲೆಗೆ ಊರ ಕಣ್ಣಿನ ಬಲ.

ಹೀಗಿದ್ದರೂ ಕೂಟಶಾಸನಗಳು ಹುಟ್ಟದೆ ಇರಲಿಲ್ಲ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದು ರಟ್ಟರ ಶಾಸನಗಳನ್ನು ಪ್ರಕಟಿಸಿದ ಜೆ. ಎಫ್. ಫ್ಲೀಟರು ೧೯೦೧ರಲ್ಲಿ ಭಾರತದ ಕೃತ್ರಿಮ ಲೇಖಗಳದೇ ಒಂದು ಪಟ್ಟಿಯನ್ನು ಅಚ್ಚುಹಾಕಿಸಿದರು. ಅಕ್ಷರಗಳ ಆಕಾರವು ಹೇಳಿದ ಕಾಲಕ್ಕಿಂತ ಈಚಿನದಾಗಿರುವುದು, ತಿಥಿವಾರಗಳು ಹೊಂದದಿರುವುದು, ಮುಂದೆ ಹುಟ್ಟಬೇಕಾದವರ ಹೆಸರು ಮೊದಲೇ ಬರುವುದು, ಇವು ಅವರು ಹಿಡಿದ ಲಕ್ಷಣಗಳು. ಮಡಿಕೇರಿಯ ತಾಮ್ರಪಟದಲ್ಲಿ ೩೮೮ ಎಂಬ ವರ್ಷವಿದೆ. ಶಕವರ್ಷವೆಂದು ಹಿಡಿದರೆ ಅದು ಕ್ರಿ. ಶ. ೪೬೬ ಆಗುವುದು. ಆದರೆ ಅದರಲ್ಲಿಯೇ ಅಕಾಲವರ್ಷ ಪೃಥ್ವೀವಲ್ಲಭನೆಂಬ, ಬಹು ಈಚಿನ ರಾಷ್ಟ್ರಕೂಟರಿಗೆ ಒಪ್ಪುವ ಹೆಸರು ಬಂದಿರುವುದು ಸಂದೇಹಕ್ಕೆ ಎಡೆಗೊಟ್ಟಿತು.

ಪರೀಕ್ಷಾಮಾರ್ಗಕ್ಕೂ ದೋಷವುಂಟು. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರ ಸಂದೇಹವು ಬಹು ವಿಸ್ತಾರವಾಗಿ ಹರಡಿ, ಆ ವಂಶದ ಆದಿರಾಜರ ಪರಂಪರೆಯನ್ನೇ ಅವರು ನಂಬದಂತಾಯಿತು. ಬಿ. ಎಲ್. ರೈಸರು ಅದನ್ನು ಪ್ರತಿಭಟಿಸಿದರು. ಕಡೆಗೆ ಪೆನುಕೊಂಡೆಯ ತಾಮ್ರಪಟವು ದೊರೆತಾಗ ಅದನ್ನು ನಿಜವೆಂದು ಫ್ಲೀಟರೇ ಒಪ್ಪಬೇಕಾಯಿತು. ಸುಳ್ಳನ್ನು ನಿಜವೆಂದು ಬಗೆಯುವುದೊಂದು ದೋಷವಾದರೆ, ನಿಜವನ್ನು ಸುಳ್ಳೆಂದು ತಳ್ಳುವುದು ಅದಕ್ಕೆ ಸಮನಾದ ಇನ್ನೊಂದು ದೋಷ.

ಪ್ರತಿಯ ಪ್ರಶ್ನೆಯು ಇವೆರಡಕ್ಕಿಂತ ಸೂಕ್ಷ್ಮವಾದುದು. ನರಗುಂದದ ಕಡೆಯ ಕೊಣ್ಣೂರಿನಲ್ಲಿ (ಗೋಕಾಕದ ಬಳಿಯ ಕೊಣ್ಣೂರು ಇದರಿಂದ ಬೇರೆ) ಅಮೋಘವರ್ಷನ ಹೆಸರಿನ ಶಿಲಾಶಾಸನವಿದೆ. ಅದರಲ್ಲಿ ಹೇಳಿದ ದಾನದ ಕಾಲ ಕ್ರಿ. ಶ. ೮೬೦; ಆದರೆ ತಾಮ್ರಪಟದಲ್ಲಿದ್ದುದನ್ನು ವೀರನಂದಿ ಮುನಿಗಳು ಕಲ್ಲಿನ ಮೇಲೆ ಬರೆಯಿಸಿದರೆಂದು ಆ ಶಾಸನವೇ ಹೇಳುತ್ತದೆ. ಇದು ನಡೆದುದು ಹನ್ನೆರಡನೆಯ ಶತಮಾನದಲ್ಲಿ. ಮೂಲಪಟವು ಈಗ ಇಲ್ಲ. ಕಲ್ಲಿನ ಮೇಲೆ ಬಿದ್ದ ಮೇಲೆ ಅಕ್ಷರಗಳು ಬದಲಾಗಿಲ್ಲವೆಂಬುದು ನಿಜ. ಬೀಳುವ ಮೊದಲು ಬದಲಾದುವೇ ಎಂಬುದಕ್ಕೆ ಕಲ್ಲು ಉತ್ತರ ಕೊಡಲಾರದು. ಗಣಕದ ಲೇಖ್ಯಗಳನ್ನು ವಿಚಾರಿಸುವಾಗ ಈ ಕೊಣ್ಣೂರಿನ ಕಲ್ಲನ್ನು ಮರೆಯಲಾಗದು.

೪

ಲೇಖ್ಯದ ಪ್ರಶ್ನೆಯು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ, ಅದು ಅನ್ನದ ಪ್ರಶ್ನೆಯೆಂಬುದನ್ನು ಹತ್ತೊಂಬತ್ತನೆಯ ಶತಮಾನವು ಈ ಸೀಮೆಗೆ ತೋರಿಸಿಕೊಟ್ಟಿತು. ಪೇಶವೆಯರ ಆಳಿಕೆಯು ಮುಗಿದು ಬೆಳಗಾವಿಯ ನಾಡು ಮುಂಬಯಿ ಸರಕಾರದ ಕೈಗೆ ಬಂದ ಬಳಿಕ, ಇನಾಮು ಭೂಮಿಗಳ ಹಕ್ಕನ್ನು ಶೋಧಿಸುವ ಕೆಲಸವು ಆರಂಭವಾಯಿತು. ೧೮೫೨ರ ೧೧ನೆಯ ಕಾಯಿದೆಯಿಂದ ಇನಾಮ್ ಕಮಿಶನ್ನಿಗೆ ಪೂರ್ಣ ಅಧಿಕಾರವು ಬಂದಿತು. ಇನಾಮದಾರನು ತನ್ನ ಸನದನ್ನು ತೋರಿಸಬೇಕು. ಅದನ್ನು ಪುಣೆಯ ದಫ್ತರದ ಕಾಗದಗಳೊಡನೆ ತಾಳೆ ನೋಡುತ್ತಿದ್ದರು. ಖೋಟಾ ಸನದುಗಳು ಇದ್ದುದು ಸುಳ್ಳಲ್ಲ. ಆದರೆ ತಲೆತಲಾಂತರದಿಂದ ಉಂಡುಬಂದ ಭೂಮಿಗೆ ಕಾಗದವಿಲ್ಲದವರೂ, ಕಾಗದವನ್ನು ಗೆದ್ದಲು ತಿಂದವರೂ ಇದ್ದರು. ಲಿಖಿತವೊಂದನ್ನೇ ಹಿಡಿದು ಭುಕ್ತಿಯನ್ನೂ ಸಾಕ್ಷಿಯನ್ನೂ ಹಿಂದಿಟ್ಟುದರಿಂದ ಅಸಮಾಧಾನವು ನಾಡೆಲ್ಲ ಹಬ್ಬಿತು. ೧೮೫೮ರ ನರಗುಂದದ ಬಂಡಾಯಕ್ಕೆ ದತ್ತಕದ ನಿರಾಕರಣೆಯು ಮುಖ್ಯ ಕಾರಣವಾದರೂ, ಆ ಕಾಲದ ಅಸಮಾಧಾನದಲ್ಲಿ ಇನಾಮ್ ವಿಚಾರಣೆಗೂ ಪಾಲಿತ್ತೆಂದು ಇತಿಹಾಸಕಾರರು ಒಪ್ಪುತ್ತಾರೆ.

ಮುಂದೆ ೧೯೦೩ರ ಮುಂಬಯಿ ಕಾಯಿದೆಯಿಂದ ಹಕ್ಕುಪತ್ರಗಳ ದಾಖಲೆಯು ಹಳ್ಳಿಹಳ್ಳಿಗೂ ಬಂದಿತು. ಕುಲಕರ್ಣಿಯ ದಫ್ತರವು ತಲಾಟಿಯ ಕೈಗೆ ಹೋಯಿತು. ರೈತನಿಗೆ ಬೇಕಾದ ನಕಲಿಗೆ ಈ ಸೀಮೆಯಲ್ಲಿ 'ಉತಾರ' ಎಂಬ ಹೆಸರೇ ಬಳಕೆಯಾಯಿತು. ೧೯೫೬ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಹೆಸರು ಹೋಗಲಿಲ್ಲ. ೨೦೦೦ದ ಸುಮಾರಿಗೆ ಕರ್ನಾಟಕ ಸರಕಾರವು 'ಭೂಮಿ' ಎಂಬ ಯೋಜನೆಯಿಂದ ಕೈಬರಹದ ಪಹಣಿಗಳನ್ನು ಗಣಕಕ್ಕೆ ಏರಿಸಿತು. ೬೭ ಲಕ್ಷ ಭೂಮಾಲಿಕರ ಸುಮಾರು ೨ ಕೋಟಿ ದಾಖಲೆಗಳು ಹೀಗೆ ಗಣಕವನ್ನು ಸೇರಿದುವು. ನೌಕರನು ತನ್ನ ಬೆರಳಚ್ಚನ್ನು ಕೊಟ್ಟಲ್ಲದೆ ದಾಖಲೆಯನ್ನು ಮುಟ್ಟಲಾಗದಂತೆ ಏರ್ಪಡಿಸಿ, ಕೈಬರಹದ ನಕಲುಗಳ ಮಾನ್ಯತೆಯನ್ನು ರದ್ದುಗೊಳಿಸಲಾಯಿತು. ಯಾರು ತಿದ್ದಿದರೆಂಬುದು ತಿಳಿಯುವಂತಾದುದು ದೊಡ್ಡ ಲಾಭ. ಆದರೆ ಏರಿಸುವಾಗ ಹಳೆಯ ಪುಸ್ತಕದಲ್ಲಿ ಹೆಸರೋ ಕ್ಷೇತ್ರವೋ ತಪ್ಪಾಗಿದ್ದರೆ ಆ ತಪ್ಪೂ ಅಷ್ಟೇ ಭದ್ರವಾಗಿ ಏರಿತು. ಕೊಣ್ಣೂರಿನ ಕಲ್ಲಿನ ಪ್ರಶ್ನೆಯೇ ಇಲ್ಲಿ ಮರಳಿ ಬಂದಿದೆ.

೫

ಇನ್ನು ಬ್ಲಾಕ್‌ಚೈನಿನ ಸ್ವರೂಪವನ್ನು ನೋಡಬೇಕು. ಯಾವ ಲೇಖ್ಯವನ್ನಾದರೂ ಕೊಟ್ಟರೆ ಅದರಿಂದ ನಿಯತ ಉದ್ದದ ಒಂದು ಅಂಕವನ್ನು ಹೊರಡಿಸುವ ಗಣಿತಕ್ರಮವುಂಟು. ಅದಕ್ಕೆ ಹ್ಯಾಶ್ ಎಂದು ಹೆಸರು. ಲೇಖ್ಯದಲ್ಲಿ ಒಂದೇ ಅಕ್ಷರವು ಬದಲಾದರೂ ಅಂಕವೆಲ್ಲ ಬದಲಾಗುವುದು. ಅಂಕವನ್ನು ಕಂಡು ಲೇಖ್ಯವನ್ನು ಊಹಿಸುವುದು, ಅದೇ ಅಂಕ ಬರುವಂತೆ ಬೇರೊಂದು ಲೇಖ್ಯವನ್ನು ಸೃಷ್ಟಿಸುವುದು ವ್ಯವಹಾರದಲ್ಲಿ ಅಸಾಧ್ಯ. ಪ್ರತಿಯೊಂದು ಕಟ್ಟಿನ ಲೇಖ್ಯಗಳೊಡನೆ ಹಿಂದಿನ ಕಟ್ಟಿನ ಅಂಕವನ್ನೂ ಸೇರಿಸಿ ಹೊಸ ಅಂಕವನ್ನು ತೆಗೆದರೆ, ಎಲ್ಲ ಕಟ್ಟುಗಳೂ ಒಂದೇ ಬಳೆಯಲ್ಲಿ ಪೋಣಿಸಿದ ಹಲಗೆಗಳಂತಾಗುವುವು. ನಡುವಣ ಒಂದನ್ನು ತಿದ್ದಿದರೆ ಮುಂದಿನವೆಲ್ಲ ಹೊಂದದೆ ಹೋಗುತ್ತವೆ.

ಲೇಖ್ಯಗಳಿಗೆ ಕಾಲಮುದ್ರೆಯನ್ನು ಒತ್ತಲು ಈ ಉಪಾಯವನ್ನು ಹೇಬರ್ ಮತ್ತು ಸ್ಟಾರ್ನೆಟಾ ಎಂಬ ವಿದ್ವಾಂಸರು ೧೯೯೧ರಲ್ಲಿ ಪ್ರಕಟಿಸಿದರು. ತರುವಾಯ ಅವರ ಸಂಸ್ಥೆಯು ಅಂಕವನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಹೀರಾತಿನ ಅಂಕಣದಲ್ಲಿ ಅಚ್ಚು ಮಾಡಿಸುತ್ತಿತ್ತು. ಇದು ಶಿಲಾಶಾಸನವನ್ನು ಊರ ನಡುವೆ ನಿಲ್ಲಿಸಿದಂತೆಯೇ ಸರಿ. ಸತೋಶಿ ನಕಾಮೋಟೋ ಎಂಬ ಹೆಸರಿನಿಂದ ೨೦೦೮ರ ಅಕ್ಟೋಬರಿನಲ್ಲಿ ಹೊರಟ ಬಿಟ್‌ಕಾಯಿನ್ ಲೇಖನವು ಇದಕ್ಕೆ ಇನ್ನೊಂದನ್ನು ಕೂಡಿಸಿತು: ಪುಸ್ತಕವನ್ನು ಒಬ್ಬ ಕುಲಕರ್ಣಿಯ ಬಳಿ ಇಡದೆ, ಸಾವಿರಾರು ಗಣಕಗಳಲ್ಲಿ ಸಮಾನ ಪ್ರತಿಗಳನ್ನಿಟ್ಟು, ಹೆಚ್ಚಿನ ಗಣನಶ್ರಮವನ್ನು ಹೊತ್ತ ಸರಪಳಿಯನ್ನೇ ಎಲ್ಲರೂ ನಿಜವೆಂದು ಒಪ್ಪುವ ಏರ್ಪಾಡು. ೨೦೦೯ರ ಜನವರಿ ೩ರಂದು ಆ ಸರಪಳಿಯ ಮೊದಲನೆಯ ಕಟ್ಟು ಹುಟ್ಟಿತು. ಮುದ್ರೆಯ ಬಲವೂ ಊರ ಕಣ್ಣಿನ ಬಲವೂ ಇಲ್ಲಿ ಒಂದಾದುವು.

ಇಂಥ ಸರಪಳಿಗೂ ಭಯವಿಲ್ಲದಿಲ್ಲ. ಗಣನಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಒಬ್ಬನ ಕೈಗೆ ಸಿಕ್ಕಿದರೆ ಅವನು ಈಚಿನ ಕಟ್ಟುಗಳನ್ನು ಬದಲಿಸಬಲ್ಲನು. ಬಂಧವು ಬಿಗಿಯಾಗಿದ್ದರೂ ಬರಹವೇ ಸದೋಷವಾಗಿರಬಹುದೆಂಬುದಕ್ಕೆ ಇಥೀರಿಯಮ್ ಸರಪಳಿಯಲ್ಲಿ ೨೦೧೬ರ ಜೂನಿನಲ್ಲಿ ನಡೆದ ಪ್ರಸಂಗವು ನಿದರ್ಶನ. 'ಡಿಎಒ' ಎಂಬ ನಿಧಿಯ ಕರಾರು ಯಂತ್ರಭಾಷೆಯಲ್ಲಿ ಬರೆಯಲ್ಪಟ್ಟಿತ್ತು. ಕೊಟ್ಟ ಹಣವನ್ನು ಲೆಕ್ಕದಿಂದ ಕಳೆಯುವ ಮೊದಲೇ ಮತ್ತೆ ಬೇಡಲು ಅವಕಾಶವಿದ್ದ ಒಂದು ಲೋಪದ ಮೂಲಕ ಸುಮಾರು ೩೬ ಲಕ್ಷ ಈಥರ್ ನಾಣ್ಯಗಳು ಸೆಳೆಯಲ್ಪಟ್ಟುವು. ಯಾವ ಮುದ್ರೆಯೂ ಒಡೆದಿರಲಿಲ್ಲ. ಬರೆದಂತೆಯೇ ಎಲ್ಲವೂ ನಡೆದಿತ್ತು. ಮರುತಿಂಗಳು ಬಳಕೆದಾರರಲ್ಲಿ ಬಹುಮಂದಿ ಕೂಡಿ ಸರಪಳಿಯನ್ನು ಕವಲೊಡೆಯಿಸಿ ಆ ಹಣವನ್ನು ಹಿಂದಿರುಗಿಸಿದರು. ಒಪ್ಪದವರು ಹಳೆಯ ಕವಲನ್ನೇ ಇಥೀರಿಯಮ್ ಕ್ಲಾಸಿಕ್ ಎಂದು ಮುಂದುವರಿಸಿದರು. ಅಳಿಸಲಾಗದೆಂದ ಲೇಖ್ಯಕ್ಕೂ ಕಡೆಗೆ ಜನಸಮ್ಮತಿಯೇ ಆಧಾರವೆಂಬುದು ಇದರ ಮೇಲಿಂದ ಸಿದ್ಧವಾಗುತ್ತದೆ.

ಭಾರತದಲ್ಲಿಯೂ ಈ ವಿದ್ಯೆಗೆ ಆಶ್ರಯವು ದೊರೆತಿದೆ. ರಾಷ್ಟ್ರೀಯ ಮಾಹಿತಿ ಕೇಂದ್ರವು ೨೦೨೦ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಸಂಶೋಧನೆಗಾಗಿ ವಿಶೇಷ ಕೇಂದ್ರವೊಂದನ್ನು ತೆರೆಯಿತು. ೨೦೨೪ರ ಸೆಪ್ಟೆಂಬರಿನಲ್ಲಿ 'ವಿಶ್ವಸ್ಯ' ಎಂಬ ಹೆಸರಿನಿಂದ ಕೇಂದ್ರ ಸರಕಾರದ ಬ್ಲಾಕ್‌ಚೈನ್ ಸಾಧನಸಮುಚ್ಚಯವು ಬಿಡುಗಡೆಯಾಯಿತು.

೬

ಯಂತ್ರಕಲಿಕೆಯು ಪರೀಕ್ಷಾಮಾರ್ಗದ ಹೊಸ ರೂಪ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಭೂಯೋದರ್ಶನದಿಂದ ವ್ಯಾಪ್ತಿಯನ್ನು ಹಿಡಿಯುವ ಕ್ರಮ. ಅಡುಗೆಮನೆಯಲ್ಲಿಯೂ ಯಜ್ಞಶಾಲೆಯಲ್ಲಿಯೂ ಹೊಗೆಯೊಡನೆ ಬೆಂಕಿಯನ್ನು ಮತ್ತೆ ಮತ್ತೆ ಕಂಡವನು ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಕಳ್ಳವ್ಯವಹಾರವೆಂದೂ ಸರಿವ್ಯವಹಾರವೆಂದೂ ಗುರುತಿಟ್ಟ ಸಾವಿರಾರು ಉದಾಹರಣೆಗಳನ್ನು ಕಂಡ ಯಂತ್ರವು ಹೊಸ ವ್ಯವಹಾರವನ್ನು ಕುರಿತು ಅನುಮಾನ ಮಾಡುತ್ತದೆ. ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸಹೊರಟವನು ಹಸಿಯ ಸೌದೆಯೆಂಬ ಉಪಾಧಿಯನ್ನು ಮರೆತರೆ ಕಾದ ಕಬ್ಬಿಣದಲ್ಲಿಯೂ ಹೊಗೆಯನ್ನು ಹುಡುಕಬೇಕಾದೀತು.

ಈ ಎಚ್ಚರಿಕೆಗೆ ಆಧುನಿಕ ನಿದರ್ಶನವೂ ಉಂಟು. ೨೦೧೯ರಲ್ಲಿ ಎಲಿಪ್ಟಿಕ್ ಸಂಸ್ಥೆಯವರೂ ಅಮೇರಿಕದ ಸಂಶೋಧಕರೂ ಕೂಡಿ ೨,೦೩,೭೬೯ ಬಿಟ್‌ಕಾಯಿನ್ ವ್ಯವಹಾರಗಳ ಸಂಗ್ರಹವನ್ನು ಪ್ರಕಟಿಸಿದರು. ಅವುಗಳಲ್ಲಿ ಅಕ್ರಮವೆಂದು ಗುರುತಿಸಲ್ಪಟ್ಟವು ೪,೫೪೫ ಮಾತ್ರ; ಹೆಚ್ಚಿನವು ಗುರುತಿಲ್ಲದವು. ಹಲವು ಬಗೆಯ ಯಂತ್ರಕಲಿಕೆಯ ಕ್ರಮಗಳನ್ನು ಹೋಲಿಸಿದಾಗ, ವ್ಯವಹಾರಗಳ ಜಾಲವನ್ನೇ ಓದುವ ಹೊಸ ಕ್ರಮಕ್ಕಿಂತ ಅನೇಕ ನಿರ್ಣಯವೃಕ್ಷಗಳ ಮತವನ್ನು ಕೂಡಿಸುವ ಹಳೆಯ ಕ್ರಮವೇ ಮೇಲೆನಿಸಿತು. ಆದರೆ ಆ ಕಾಲಾವಧಿಯ ನಡುವೆ ಕಳ್ಳಮಾರುಕಟ್ಟೆಯೊಂದು ಮುಚ್ಚಿಹೋದ ಕ್ಷಣದಿಂದ ಎಲ್ಲ ಕ್ರಮಗಳೂ ಒಟ್ಟಿಗೆ ಎಡವಿದುವು. ಯಂತ್ರವು ಕಲಿತುದು ಅಕ್ರಮದ ಸ್ವರೂಪವನ್ನಲ್ಲ, ಆ ಕಾಲದ ಅಕ್ರಮದ ರೂಢಿಯನ್ನು. ರೂಢಿಯು ಉಪಾಧಿಯಾಗಿದ್ದಿತು, ಅದು ಹೋಗಲು ವ್ಯಾಪ್ತಿಯೂ ಹೋಯಿತು.

ಹುಕ್ಕೇರಿಯ ಲೆಕ್ಕದ ಪುಸ್ತಕಗಳಿಂದ ಇದನ್ನು ಇನ್ನಷ್ಟು ಸುಲಭವಾಗಿ ತಿಳಿಯಬಹುದು. ೧೯೬೯ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಭಾರತದಲ್ಲಿ ಪ್ರಯೋಗಾರ್ಥವಾಗಿ ಹುಟ್ಟಿದ ಮೊದಲ ಐದು ಇಂಥ ಸಂಘಗಳಲ್ಲೊಂದು. ವಿದ್ಯುತ್ತಿನ ಲೆಕ್ಕದಲ್ಲಿ ಹಿಂದಿನ ತಿಂಗಳ ಅಂಕವೇ ಈ ತಿಂಗಳ ಆರಂಭವಾಗುವುದರಿಂದ ಅದು ತಾನಾಗಿಯೇ ಒಂದು ಸರಪಳಿ. ಒಂದು ತಿಂಗಳ ಅಂಕವನ್ನು ತಿದ್ದಿದರೆ ಮುಂದಿನ ತಿಂಗಳದು ತೊಡಕುತ್ತದೆ. ಬಳಕೆಯ ಅಂಕವು ಥಟ್ಟನೆ ಇಳಿದುದನ್ನು ಕಂಡು ವಿದ್ಯುತ್ತಿನ ಕಳವನ್ನು ಊಹಿಸುವ ಯಂತ್ರಕಲಿಕೆಯ ಸಂಶೋಧನೆಗಳು ಹಲವು ದೇಶಗಳಲ್ಲಿ ನಡೆದಿವೆ. ಆದರೆ ಅಂಕವು ಇಳಿದುದಕ್ಕೆ ಕಳವೊಂದೇ ಕಾರಣವಲ್ಲ. ಕುಟುಂಬವು ಕಬ್ಬು ಕಡಿಯಲು ಪರಸ್ಥಳಕ್ಕೆ ಹೋಗಿ ಮನೆಗೆ ಬೀಗ ಬಿದ್ದಿದ್ದರೂ ಅಂಕವು ಇಳಿಯುವುದು. ಬಾಗಿಲಿಗೆ ಹೋಗಿ ನೋಡಿದವನು ಬೀಗವನ್ನು ಕಾಣುತ್ತಾನೆ. ಅಂಕವನ್ನು ಮಾತ್ರ ನೋಡಿದ ಯಂತ್ರವು ಕಳ್ಳನನ್ನು ಕಾಣುತ್ತದೆ.

೭

ಈವರೆಗಿನ ವಿಚಾರದಿಂದ ಫಲಿಸುವುದಿಷ್ಟು. ಲೇಖ್ಯವನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ಮೂರು: ಬರೆದ ಮೇಲೆ ತಿದ್ದಲ್ಪಟ್ಟಿದೆಯೇ, ಬರೆದವರು ಯಾರು, ಬರೆದಾಗ ಅದು ನಿಜವಾಗಿತ್ತೇ. ಮೊದಲನೆಯದಕ್ಕೆ ಬ್ಲಾಕ್‌ಚೈನು ತಾಮ್ರದ ಬಳೆಗಿಂತ ಬಹು ಸಮರ್ಥವಾದ ಉತ್ತರವನ್ನು ಕೊಡುತ್ತದೆ. ಎರಡನೆಯದಕ್ಕೆ ಬೆರಳಚ್ಚು ಮತ್ತು ಗಣಿತಮುದ್ರೆಗಳು ಉತ್ತರ ಕೊಡುತ್ತವೆ. ಮೂರನೆಯದಕ್ಕೆ ಯಾವ ಸರಪಳಿಯೂ ಉತ್ತರ ಕೊಡಲಾರದು. ಯಂತ್ರಕಲಿಕೆಯು ಅಲ್ಲಿ ಸಂದೇಹವನ್ನು ಎಬ್ಬಿಸಬಲ್ಲದು. ತೀರ್ಪನ್ನು ಕೊಡುವ ಅಧಿಕಾರ ಅದಕ್ಕಿಲ್ಲ. ಸಂದೇಹವನ್ನೇ ತೀರ್ಪೆಂದು ಹಿಡಿದರೆ ಗಂಗರ ತಾಮ್ರಪಟಗಳಿಗೆ ಒದಗಿದ ಗತಿಯು ಬದುಕಿರುವ ಮನುಷ್ಯರಿಗೆ ಒದಗುವುದು. ತಾಮ್ರಪಟವು ಎಷ್ಟು ವರ್ಷಗಳವರೆಗಾದರೂ ಕಾಯಬಲ್ಲದು, ರೈತನು ಕಾಯಲಾರನು.

'ಲೇಖ್ಯವು ಅಳಿಸಲಾಗದಂತಿದ್ದರೆ ವಂಚನೆಗೆ ಎಡೆಯೆಲ್ಲಿ?' ಎಂಬುದು ಪೂರ್ವಪಕ್ಷ. ತಪ್ಪೂ ಅಳಿಸಲಾಗದಂತಾಗುವುದೆಂಬುದೇ ಇದಕ್ಕೆ ಸಮಾಧಾನ. ಆದುದರಿಂದ ಬಂಧವು ಬಿಗಿಯಾದಷ್ಟೂ ಬರೆಯುವ ಮೊದಲಿನ ವಿಚಾರಣೆಯು ಹೆಚ್ಚು ನಿಷ್ಕೃಷ್ಟವಾಗಬೇಕು. ತಿದ್ದುಪಡಿಯನ್ನು ಹಿಂದಿನದನ್ನು ಮುಚ್ಚದೆ ಮುಂದೆ ಸೇರಿಸುವ ದಾರಿಯು ತೆರೆದಿರಬೇಕು. ಲೇಖ್ಯವು ನಷ್ಟವಾದಾಗ, ಸವೆದಾಗ, ಸುಟ್ಟಾಗ ಬೇರೊಂದನ್ನು ಮಾಡಿಸಿಕೊಳ್ಳಬಹುದೆಂದು ಸ್ಮೃತಿಯು ಅನುಜ್ಞೆಯನ್ನು ಕೊಟ್ಟುದರ ಮರ್ಮವು ಇದೇ ಆಗಿದೆ.

ಗೋಕಾಕದಿಂದ ಬೇರ್ಪಟ್ಟು ಮೂಡಲಗಿಯು ಪ್ರತ್ಯೇಕ ತಾಲೂಕಾದಾಗ ಅದರ ಊರುಗಳ ಹೊಲಗಳು ಇದ್ದಲ್ಲಿಯೇ ಇದ್ದುವು, ಬದಲಾದುದು ಕಚೇರಿ. ಅಲ್ಲಿನ ಹೊಲದ ಬದುವು ಎಲ್ಲಿದೆಯೆಂಬುದು ಗಣಕಕ್ಕೆ ಬರೆದವನು ಹೇಳಿದಷ್ಟೇ ತಿಳಿಯುವುದು. ಪಕ್ಕದ ಹೊಲದವನಿಗೆ ನೇಗಿಲು ಹೊಡೆದು ಗೊತ್ತಿರುವುದು. ಲಿಖಿತವನ್ನು ಬಲಪಡಿಸುವ ಉಪಾಯಗಳು ಈಗ ಹೇರಳವಾಗಿವೆ. ಭುಕ್ತಿಯನ್ನು ಹೊಲಕ್ಕೆ ಹೋಗಿ ನೋಡುವ, ಸಾಕ್ಷಿಯನ್ನು ಕೂರಿಸಿ ಕೇಳುವ ಕೆಲಸವನ್ನು ಕಚೇರಿಗಳು ಬಿಡದೆ ಇದ್ದರೆ ಮಾತ್ರ ಆ ಉಪಾಯಗಳು ನ್ಯಾಯಕ್ಕೆ ಸಹಾಯವಾಗುವುವು. ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಮೂರು ಪ್ರಮಾಣಗಳಲ್ಲಿ ಒಂದು ಮಾತ್ರ ತಾಮ್ರದಿಂದ ಗಣಕಕ್ಕೆ ಬಂದಿದೆ. ಉಳಿದೆರಡು ಇಂದಿಗೂ ಊರಿನಲ್ಲಿಯೇ ಇವೆ.